ತಕ್ಕ ನಮೂನೆಯೊಡನೆ ಒಂದು ಮೂರು ಕಾಲಿನ ಕುರಿ

ಒಂದು ತಿಂಗಳ ಹಿಂದೆ ನಾನು ಒಂದು ವಾದದಲ್ಲಿ ಸೋತೆ. ಎದುರಾಳಿ ಒಂದು ಕುರಿ.

ಜೀವಂತ ಕುರಿಯೂ ಅಲ್ಲ. ಕಾಗದದ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿದ ಕುರಿ. ಅದಕ್ಕೆ ಇದ್ದದ್ದು ಮೂರೇ ಕಾಲು. (ನಾಲ್ಕಿದ್ದಿದ್ದರೆ ನಿನ್ನ ಗತಿ ಏನಾಗುತ್ತಿತ್ತು ಎಂದು ಗೆಳೆಯರು ಕೇಳುತ್ತಿದ್ದಾರೆ. ಕೇಳಲಿ.)

ಈ ಅಂಕಣವನ್ನು ಓದುವವರಿಗೆ ನನ್ನ ಚಾಳಿ ಗೊತ್ತೇ ಇದೆ. ಯಾರಾದರೂ 'ಹೌದು' ಎಂದರೆ ನನಗೆ 'ಯಾಕೆ?' ಅನ್ನಬೇಕೆನಿಸುತ್ತದೆ. 'ಇಲ್ಲ' ಎಂದರೂ ಅಷ್ಟೇ. ಕಾಲೇಜಿನಲ್ಲಿ ಈ ಕಾಯಿಲೆಗೆ ಡಿಬೇಟು ಎಂದು ಹೆಸರಿಟ್ಟು ಬಹುಮಾನ ಕೊಟ್ಟರು. ಬೆಳ್ಳಿ ಬಣ್ಣದ, ಎರಡು ಕಿವಿಯ ಬಟ್ಟಲು. ಮಂಡ್ಯದ ಗುತ್ತಲಿನ ನಮ್ಮ ಮನೆಯಲ್ಲಿ ಅವ್ವ ಈಗ ಅದರಲ್ಲಿ ಸಾಸಿವೆ ಇಟ್ಟಿದ್ದಾಳೆ.

ವಿಷಯಕ್ಕೆ ಬರುತ್ತೇನೆ.

ನನ್ನ ಚಿಕ್ಕಪ್ಪ ಇರುವುದು ಬಂಡೂರಿನಲ್ಲಿ. ಕುರಿ ಸಾಕುತ್ತಾರೆ. (ದಯವಿಟ್ಟು ಬನ್ನೂರು ಎಂದು ಓದಿಕೊಳ್ಳಬೇಡಿ. ಊರಿನ ಹೆಸರು ತಪ್ಪಿ ಹೇಳಿದವರಿಗೆ ಚಿಕ್ಕಪ್ಪ ಮಜ್ಜಿಗೆಯನ್ನೂ ಕೊಡುವುದಿಲ್ಲ.) ಅವರ ಮಗಳು ತಾಯಮ್ಮ ನಮ್ಮ ಮನೆಯಲ್ಲೇ ಇದ್ದುಕೊಂಡು ಮಂಡ್ಯದಲ್ಲಿ ಹೈಸ್ಕೂಲು ಓದಿದಳು. ಈ ಸಲ ಎಸ್ಸೆಸ್ಸೆಲ್ಸಿ ಪಾಸಾದಳು. ವಿಜ್ಞಾನದಲ್ಲಿ ಒಳ್ಳೆಯ ನಂಬರು. ಇಂಗ್ಲಿಷಿನಲ್ಲಿ ಪರವಾಗಿಲ್ಲ. ಲೆಕ್ಕದಲ್ಲಿ ಮಾತ್ರ ಈಜಿ ಈಜಿ ಸುಸ್ತಾಗಿ ದಡದ ಮೇಲೆ ಬಂದು ಬಿದ್ದಂತೆ ಪಾಸು.

ಅವಳಿಗೆ ಮೈಸೂರಿಗೆ ಹೋಗಿ ಇಂಟರ್‌ಮೀಡಿಯೇಟಿನಲ್ಲಿ ಜೀವಶಾಸ್ತ್ರ ಓದಬೇಕು. ಯಾಕೆ? ಹೋದ ವರ್ಷದ ಮಳೆಗಾಲದಲ್ಲಿ, ಇವಳು ರಜೆಗೆ ಊರಿಗೆ ಹೋಗಿದ್ದಾಗ, ಅವರ ಮಂದೆ ಅರ್ಧಕ್ಕರ್ಧ ಸತ್ತುಹೋಯಿತು. ಊರು 'ದೃಷ್ಟಿ' ಎಂದಿತು. ಪೂಜೆ ಮಾಡಿಸಿದರು, ಬೇವಿನ ಸೊಪ್ಪು ಕಟ್ಟಿದರು. ತಾಯಮ್ಮ ಒಪ್ಪಲಿಲ್ಲ. (ಒಪ್ಪದೆ ಇರುವುದು ನಮ್ಮ ಮನೆತನದವರಿಗೆ ಹುಟ್ಟಿನಿಂದಲೇ ಬಂದದ್ದು. ನನಗೆ ಬಾಯಿಗೆ ಬಂತು, ಅವಳಿಗೆ ಕಣ್ಣಿಗೆ.) ಏನಾಯಿತು ಅಂತ ತಿಳಿದುಕೊಳ್ಳಬೇಕು ಎಂದು ಹಟ ಹಿಡಿದಳು.

ಆದರೆ ಹೆಣ್ಣುಮಕ್ಕಳಿಗೆ ವಿಜ್ಞಾನದ ಕಡೆ ಇರುವ ಸೀಟು ಕೈಬೆರಳಲ್ಲಿ ಎಣಿಸುವಷ್ಟು. ಸಿಗದಿದ್ದರೆ ಚರಿತ್ರೆ ಗಿರಿತ್ರೆ ಓದು ಎಂದು ಆ ಕಡೆಗೆ ತಳ್ಳುತ್ತಾರೆ. ಚಿಕ್ಕಪ್ಪ ಅದಕ್ಕೆ ಮೊದಲೇ ಬಾಗಿಲು ಹಾಕಿದ್ದರು.

"ಚರಿತ್ರೆ ಓದಕ್ಕೆ ಮೈಸೂರ್ಗ್ಯಾಕೋಗ್ಬೇಕು? ಸತ್ತೋರ್ ಕತೆ ನಮ್ಮಳ್ಳೀಲೂ ಯೋಳ್ತಾರೆ. ಕುರಿ ಇಸ್ಯ ಕಲ್ಸುದ್ರೆ ಕಳುಸ್ತೀನಿ. ಇಲ್ಲ ಅಂದ್ರೆ ಊರ್ಗೆ ಬರ್ಲಿ."

ಅಲ್ಲಿಗೆ ಲೆಕ್ಕ ಸ್ಪಷ್ಟ. ಸೀಟು ಸಿಕ್ಕಿದರೆ ಮೈಸೂರು. ಸಿಗದಿದ್ದರೆ ಬಂಡೂರು, ಬೇವಿನ ಸೊಪ್ಪು, ದೃಷ್ಟಿ.

ಅರ್ಜಿ ಫಾರಂ ತರಿಸಿದೆ. ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಕೂತು ನಾನೇ ತುಂಬಿದೆ. ಊರಿನಿಂದ ಬಂದಿದ್ದ ಚಿಕ್ಕಪ್ಪ ಎದುರಿಗೆ ಕಂಬಕ್ಕೆ ಒರಗಿಕೊಂಡು ಈ ನಮ್ಮ ಪತ್ರಿಕೆಯ ಹಳೆಯ ಸಂಚಿಕೆ ಓದುತ್ತಿದ್ದರು. ಅದರಲ್ಲಿ ಕಾಲೇಜಿನ ಪ್ರಕಟಣೆ ಬಂದಿತ್ತು. ಅವರು ಓದುವುದು ನಿಧಾನ. ಒಂದೊಂದು ಅಕ್ಷರವನ್ನೂ ಕುರಿಯ ಹಲ್ಲು ನೋಡುವ ಹಾಗೆ ಬಾಯಿ ಬಿಡಿಸಿ ನೋಡುತ್ತಾರೆ.

"'ತಕ್ಕ ನಮೂನೆಯೊಡನೆ ಅರ್ಜಿ ಕಳುಹಿಸತಕ್ಕದ್ದು' ಅಂತ ಬರ್ದವ್ರೆ. ನಮೂನೆ ಯೆಲ್ಲಿ ಮಗ?"

"ಇದೇ ಕಣ ಚಿಕ್ಕಪ್ಪ. ನಮೂನೆ ಅಂದ್ರೆ ಫಾರಂ."

"ಫಾರಂ ಅಂದ್ರೆ ಫಾರಂ ಕಣ್ಲಾ. ನಮೂನೆ ಅಂದ್ರೆ ನಮೂನೆ. ಮಳವಳ್ಳಿ ಸಂತೇಲಿ ರಾಗಿ ಮಾರೋನು ಮೂಟೆಯೆಲ್ಲ ಸುರ್ದು ತೋರುಸ್ತಾನಾ? ಒಂದಿಡಿ ತಗ್ದು ಅಂಗೈ ಮೇಲೆ ಮಡಗಿ, ನೋಡಪ್ಪ ಇಂಗದೆ ಅಂತಾನೆ. ಅದು ನಮೂನೆ. ಕಾಲೇಜ್ನೋರೂ ಅದ್ನೇ ಕೇಳ್ತಾವ್ರೆ. ನಿನ್ ಮಗಳು ಯೆಂಗವ್ಳೆ, ಒಂದಿಡಿ ತೋರ್ಸು ಅಂತ. ನ್ಯಾಯವಾಗೇ ಕೇಳವ್ರೆ."

"ಅಂಗಲ್ಲ. ಬರೆದೋರು ಸ್ವಲ್ಪ ಎಡವಟ್ಟು ಮಾಡವ್ರೆ."

"ಬರ್ದೋನ್ಯಾವನ್ಲಾ?"

ನಾನು ತಲೆ ಬಗ್ಗಿಸಿ ಫಾರಂ ತುಂಬತೊಡಗಿದೆ.

ಓದುಗರೇ, ಈಗ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಆ ಪ್ರಕಟಣೆ ಇಂಗ್ಲಿಷಿನಲ್ಲಿ ಬಂದಿತ್ತು. ಅದನ್ನು ಕನ್ನಡಕ್ಕೆ ತಂದವನು ನಾನು. 'ನಿಗದಿಯಾದ ನಮೂನೆಯಲ್ಲಿ' ಎಂದು ಬರೆಯಬೇಕಾಗಿತ್ತು. ಅವಸರದಲ್ಲಿ 'ತಕ್ಕ ನಮೂನೆಯೊಡನೆ' ಎಂದು ಬರೆದೆ. ಒಂದು 'ಅಲ್ಲಿ' ಇರಬೇಕಾದ ಕಡೆ ಒಂದು 'ಒಡನೆ'. ಇಷ್ಟರಿಂದ ಏನು ಮಹಾ ಆಗುತ್ತದೆ ಎಂದು ನೀವೂ ಅಂದುಕೊಳ್ಳುತ್ತೀರಿ, ಅಲ್ಲವೇ?

ತಾಯಮ್ಮ ಒಳಗೆ ಹೋಗಿ ಒಂದು ಕಟ್ಟು ತಂದಳು. ದಾರ ಬಿಚ್ಚಿ ನೆಲದ ಮೇಲೆ ಹರಡಿದಳು. ಎಲ್ಲವೂ ಪೆನ್ಸಿಲಿನ ಚಿತ್ರ. ಎಲ್ಲವೂ ಕುರಿ. ಕುರಿಯ ಕಿವಿ. ಕುರಿಯ ಮೂತಿ. ಮೊಣಕಾಲೂರಿ ಹಾಲು ಕುಡಿಯುವ ಮರಿ. ಇವಳು ಸ್ಲೇಟಿನ ಮೇಲೆ, ಗೋಡೆಯ ಮೇಲೆ ಗೀಚುವುದು ನನಗೆ ಗೊತ್ತಿತ್ತು. ಇಷ್ಟು ಕಾಗದ ತುಂಬಿಸಿದ್ದಾಳೆ ಎಂದು ಗೊತ್ತಿರಲಿಲ್ಲ.

ಯುದ್ಧ ಶುರುವಾದ ಮೇಲೆ ಕಾಗದಕ್ಕೆ ಬಂದಿರುವ ಬರ ನಿಮಗೆ ಗೊತ್ತು. ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯೇ ಜ್ವರ ಬಂದು ಎದ್ದವರ ಹಾಗೆ ಸೊರಗಿದೆ. ಅವಳು ಯಾವುದೋ ಹಳೆಯ ಹಾಳೆಗಳ ಬೆನ್ನಿನ ಮೇಲೆ ಬಿಡಿಸಿದ್ದಳು. ಯಾವ ಹಾಳೆ ಎಂದು ನಾನು ತಿರುಗಿಸಿ ನೋಡಲಿಲ್ಲ. ನೋಡಬೇಕಾಗಿತ್ತು.

"ಇವ್ನ ಜೊತೇಲಿ ಕಳುಸ್ತೀನಣ್ಣ" ಎಂದಳು.

ನಾನು ಎದ್ದು ನಿಂತೆ. (ಕೂತು ವಾದಿಸಿದರೆ ನನಗೆ ಉಸಿರು ಬರುವುದಿಲ್ಲ.)

"ನೋಡು ತಾಯಮ್ಮ. ಒಂದನೇ ಪಾಯಿಂಟು. ನೀನು ಅರ್ಜಿ ಹಾಕ್ತಿರೋದು ವಿಜ್ಞಾನಕ್ಕೆ, ಚಿತ್ರಕಲಾ ಶಾಲೆಗಲ್ಲ. ಸಂಗೀತ ಬರುತ್ತೆ ಅಂತ ಡಾಕ್ಟರಿಕೆಗೆ ಅರ್ಜಿ ಹಾಕೋರು ಹಾಡಿ ಕಳಿಸ್ತಾರಾ? ಎರಡನೇದು. ಕೇಳದೆ ಇರೋದನ್ನ ಲಗತ್ತಿಸಿದರೆ, ಕೇಳಿದ್ದು ನಮ್ಮ ಹತ್ರ ಕಡಿಮೆ ಇದೆ ಅಂತ ನಾವೇ ಡಂಗುರ ಹೊಡೆದ ಹಾಗೆ. ಲೆಕ್ಕದ ನಂಬರು ನೋಡಿದ ಮೇಲೆ ಅದು ಹೆಂಗೂ ಗೊತ್ತಾಗುತ್ತೆ. ಮೂರನೇದು..."

ಮೂರನೆಯದಕ್ಕೆ ಸಾಕ್ಷಿ ಕಾಲ ಬಳಿಯೇ ಬಿದ್ದಿತ್ತು. ಒಂದು ಹಾಳೆ ಎತ್ತಿ ಹಿಡಿದೆ. ಗುಂಡುಗುಂಡಗೆ ನಿಂತಿದ್ದ ಒಂದು ಕುರಿ. ಮೂರು ಕಾಲು.

"ಮೂರನೇದು, ಅವ್ವ, ನೀನೇ ಹೇಳು. ಜೀವಶಾಸ್ತ್ರ ಓದೋಕೆ ಹೊರಟವಳು ಮೂರು ಕಾಲಿನ ಕುರಿ ಕಳಿಸಿದರೆ ಮೇಷ್ಟ್ರು ಏನಂತಾರೆ? ಇನ್ನು ಇದು ಏನು? ಬಿರಿದ ಬದನೇಕಾಯಿನಾ?" ಎಂದು ಇನ್ನೊಂದು ಹಾಳೆಯನ್ನೂ ಎತ್ತಿದೆ. ನಡುವೆ ಸೀಳಿದ, ಊದಿಕೊಂಡ ಏನೋ ಒಂದು.

ಮೊರದಲ್ಲಿ ಹುರುಳಿ ಕೇರುತ್ತಿದ್ದ ಅವ್ವ ನಕ್ಕಳು. ಚಿಕ್ಕಪ್ಪನೂ ನಕ್ಕರು. ಸಭೆ ನನ್ನ ಕೈಗೆ ಬಂತು ಅಂದುಕೊಂಡೆ. ಇನ್ನೂ ಎರಡು ಮಾತು ಸೇರಿಸಿ ಮುಗಿಸಿದೆ.

"ಏನ್ ಮಾತು ಕಲ್ತದಪ್ಪ ನಮ್ಮೈದ" ಎಂದಳು ಅವ್ವ.

"ಗೆದ್ದೆ ಬುಡಣ್ಣ" ಎಂದಳು ತಾಯಮ್ಮ. "ಆದ್ರೆ ನೀನು ಎರಡ್ನೇದು ಯೋಳ್ತಿದ್ದಾಗ್ಲೇ ಫಾರಂ ಲಕೋಟೆಗೆ ಆಕ್ದೆ. ಮಿಕ್ಕಿದ್ ಚಿತ್ರಾನೂ ಆಕ್ದೆ. ಆ ಎರಡು ಇತ್ಲಾಗ್ ಕೊಡು, ಅಂಟುಸ್ಬೇಕು."

ಅವಳ ಬೆರಳ ತುದಿಯಲ್ಲಿ ಅನ್ನದ ಅಗುಳು ಸಿದ್ಧವಾಗಿತ್ತು.

ನಾನು ಕೊಡಲಿಲ್ಲ. ಚಿಕ್ಕಪ್ಪ ಎದ್ದು ಬಂದು ಕೈಯಿಂದ ಕಿತ್ತುಕೊಂಡರು. "ನಮೂನೆ ಅಂದ್ಮೇಲೆ ಉಳ್ಕು ಕಾಳೂ ಇರ್ಬೇಕು ಕಣ್ಲಾ. ಬರೀ ಆರ್ಸಿದ್ ಕಾಳು ತೋರ್ಸೋನು ಕಳ್ಳ" ಎಂದರು. ಲಕೋಟೆ ಹೊಟ್ಟೆ ತುಂಬಿದ ಕುರಿಯ ಹಾಗೆ ಊದಿಕೊಂಡು ಅಂಚೆಗೆ ಹೋಯಿತು.

ಡಿಬೇಟಿನಲ್ಲಿ ಗೆದ್ದವನಿಗೆ ಬಟ್ಟಲಾದರೂ ಕೊಡುತ್ತಾರೆ. ಮನೆಯಲ್ಲಿ ಗೆದ್ದವನಿಗೆ ಏನು ಕೊಡುತ್ತಾರೆ ಹೇಳಿ?

ಕೆಲವು ದಿನಗಳಾದ ಮೇಲೆ ಒಂದು ಕಾರ್ಡು ಬಂತು. ಅಭ್ಯರ್ಥಿಯು ಪೋಷಕರೊಡನೆ ಖುದ್ದು ಹಾಜರಾಗತಕ್ಕದ್ದು. ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿದೆ. ಕುರಿ ನೋಡಿ ಕರೆದಿದ್ದಾರೋ, ನಂಬರು ನೋಡಿ ಕರೆದಿದ್ದಾರೋ? ತಾಯಮ್ಮ ಮಾತ್ರ ಲಂಗದ ಅಂಚು ಬಿಚ್ಚಿ ಉದ್ದ ಮಾಡಿಕೊಳ್ಳುತ್ತಾ ಕೂತಳು. "ಬಯ್ಯಕ್ಕೆ ಯಾರೂ ಕಾರ್ಡ್ ಆಕಲ್ಲ ಕಣಣ್ಣ" ಎಂದಳು. ಅದಕ್ಕೂ ನಾನು ಒಂದು ಉತ್ತರ ಕೊಟ್ಟೆ. ಏನೆಂದು ಈಗ ನೆನಪಿಲ್ಲ.

ಮೂವರೂ ಬೆಳಗಿನ ರೈಲು ಹತ್ತಿದೆವು. ಕಾಲೇಜಿನ ಉದ್ದನೆಯ ವರಾಂಡದಲ್ಲಿ ಹುಡುಗಿಯರು, ಅವರ ಅಪ್ಪಂದಿರು, ಅಪ್ಪಂದಿರ ಜರಿ ಪೇಟಗಳು. ತಾಯಮ್ಮನ ಹೆಸರು ಕೂಗಿದಾಗ ಚಿಕ್ಕಪ್ಪ ನನ್ನನ್ನು ಮುಂದಕ್ಕೆ ತಳ್ಳಿದರು. "ಇಂಗ್ಲಿಸ್ ಬರೋನು ನೀನೋಗ್ಲಾ. ನಾನಿಲ್ಲೇ ಬಾಗ್ಲತ್ರ ಇರ್ತೀನಿ."

ಒಳಗೆ ಮೇಜಿನ ಹಿಂದೆ ಇಬ್ಬರು. ಒಬ್ಬರು ಪ್ರಿನ್ಸಿಪಾಲರು. ಪಕ್ಕದಲ್ಲಿ ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡ ವಯಸ್ಸಾದ ಜೀವಶಾಸ್ತ್ರದ ಮೇಷ್ಟ್ರು. ಅವರ ಮುಂದೆ ನಮ್ಮ ಹಾಳೆಗಳು. ಎಲ್ಲಕ್ಕಿಂತ ಮೇಲೆ ಯಾವುದು? ಮೂರು ಕಾಲಿನದು.

"ಲೆಕ್ಕದಲ್ಲಿ ನಂಬರು ತುಂಬ ಕಡಿಮೆ ಇದೆಯಲ್ಲಮ್ಮ" ಎಂದರು ಪ್ರಿನ್ಸಿಪಾಲರು.

ನಾನು ಬಾಯಿ ತೆರೆದೆ. ಮೇಷ್ಟ್ರು ಕೈಯೆತ್ತಿ ತಡೆದರು.

"ಲೆಕ್ಕದ ವಿಚಾರವೇ ಕೇಳ್ತೀನಿ. ಏನಮ್ಮಾ, ಕುರಿಗೆ ಎಷ್ಟು ಕಾಲು?"

"ನಾಕು ಸಾ."

"ಇಲ್ಲಿ ಮೂರಿದೆ?"

ಇದೇ ನನ್ನ ಮೂರನೇ ಪಾಯಿಂಟು. ಅಕ್ಷರ ಬಿಡದೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಆ ಕ್ಷಣದಲ್ಲಿ ನನಗೆ ಒಂದು ಚೂರು ಸಂತೋಷವಾಯಿತು.

"ಒಂದು ಕಾಲು ಮಡಿಸ್ಕೊಂಡು ನಿಂತಿತ್ತು ಸಾ. ಆ ಕಡೀದು. ನಾನು ಕುಂತಿದ್ದ ಕಡೆಯಿಂದ ಕಾಣ್ತಿರ್ಲಿಲ್ಲ."

"ಕಾಣದಿದ್ರೂ ಇದೆ ಅಂತ ನಿನಗೆ ಗೊತ್ತಲ್ಲ?"

"ಗೊತ್ತಿರೋದು ಬೇರೆ ಸಾ, ಕಾಣೋದು ಬೇರೆ. ಕಾಣುದ್ನಷ್ಟೇ ಬರ್ದೆ."

ಮೇಷ್ಟ್ರು ಕನ್ನಡಕ ಮೇಲಕ್ಕೆ ತಳ್ಳಿದರು. "ಯಾಕೆ ಮಡಿಸಿಕೊಂಡಿತ್ತು?"

ತಾಯಮ್ಮ ಮೇಜಿನ ಹತ್ತಿರ ಹೋಗಿ ಕಟ್ಟಿನಲ್ಲಿ ಕೈಯಾಡಿಸಿ ಒಂದು ಹಾಳೆ ಹೊರತೆಗೆದು ಕುರಿಯ ಪಕ್ಕಕ್ಕೆ ಇಟ್ಟಳು. ನನ್ನ ಬದನೇಕಾಯಿ.

"ಇದು ಅದರ ಗೊರಸು ಸಾ. ಆಮೇಲೆ ಕಾಲೆತ್ತಿ ಹಿಡ್ಕೊಂಡು ಬರ್ದಿದ್ದು. ಸೀಳ್ನಲ್ಲಿ ಊತ ನೋಡಿ, ಒಳಗೆ ಕೀವಾಗಿತ್ತು. ಮಳೆಗಾಲದಲ್ಲಿ ಕೊಟ್ಟಿಗೆಯೆಲ್ಲ ಕೆಸರು. ಮೊದ್ಲು ಇದು ಕುಂಟ್ತು, ಆಮೇಲೆ ಪಕ್ಕದಲ್ ಮಲಗೋವು ಕುಂಟುದ್ವು. ಕುಂಟೋವು ಮೇಯಕ್ಕೋಗ್ಲಿಲ್ಲ, ಸೊರಗಿ ಸತ್ವು. ಊರ್ನಲ್ಲಿ ದೃಷ್ಟಿ ಅಂದ್ರು. ದೃಷ್ಟಿ ಬಿದ್ರೆ ಎಲ್ಲಾ ಬುಟ್ಟು ಕಾಲಿಗೇ ಯಾಕ್ ಸಾ ಬೀಳ್ಬೇಕು?"

ಮೇಷ್ಟ್ರು ಒಮ್ಮೆ ಕುರಿಯನ್ನು, ಒಮ್ಮೆ ಗೊರಸನ್ನು ನೋಡಿದರು. ನಾನೂ.

ಅವೆರಡು ಹಾಳೆಗಳೂ ಭಾನುವಾರ ನನ್ನ ಎರಡು ಕೈಯಲ್ಲಿ ಇದ್ದವು. ಎಡಗೈಯಲ್ಲಿ ಪ್ರಶ್ನೆ, ಬಲಗೈಯಲ್ಲಿ ಉತ್ತರ. ನನಗೆ ಕಂಡದ್ದು ಎರಡು ತಮಾಷೆ.

ಮೇಷ್ಟ್ರು ಪ್ರಿನ್ಸಿಪಾಲರ ಕಡೆ ತಿರುಗಿದರು. "ಪ್ರತಿ ವರ್ಷ ಕಪ್ಪೆ ಕೊಯ್ದಿಟ್ಟು ಬಿಡಿಸಿ ಅಂತೀನಿ. ಒಬ್ಬರೂ ಕಪ್ಪೆ ಕಡೆ ನೋಡೋದಿಲ್ಲ. ಪುಸ್ತಕದಲ್ಲಿರೋ ಕಪ್ಪೆ ಬಿಡಿಸ್ತಾರೆ. ನನ್ನ ಬಡ ಕಪ್ಪೆಗೆ ಇಲ್ಲದ ನರ, ನಾಡಿ ಎಲ್ಲ ಅದರಲ್ಲಿ ಇರುತ್ತೆ. ಕಾಣದೆ ಇರೋದನ್ನ ಬಿಡಿಸಬಾರದು ಅಂತ ಕಲಿಸೋಕೇ ನನಗೆ ಒಂದು ವರ್ಷ ಹಿಡಿಯುತ್ತೆ." ಮತ್ತೆ ಚಿತ್ರ ನೋಡಿದರು. "ಬನ್ನೂರು ಕುರಿ ಅಲ್ಲವೇ?"

"ಬಂಡೂರು ಸಾ" ಎಂದಳು ತಾಯಮ್ಮ.

"ಬಂಡೂರು!" ಎಂದಿತು ಬಾಗಿಲು.

ಇಷ್ಟಕ್ಕೆ ಮುಗಿದಿದ್ದರೆ ನಾನು ಈ ವಾರ ಬೇರೆ ಏನಾದರೂ ಬರೆಯುತ್ತಿದ್ದೆ. ಮುಗಿಯಲಿಲ್ಲ. ಮೇಷ್ಟ್ರು ಹಾಳೆಯನ್ನು ತಿರುಗಿಸಿದರು. ಹಿಂದುಗಡೆ ಏನೋ ಬರೆದಿತ್ತು. ಅವರು ಗಟ್ಟಿಯಾಗಿ ಓದತೊಡಗಿದರು.

"'ಯಂತ್ರಗಳಿಂದ ಮನುಷ್ಯನಿಗೆ ಹಾನಿಯೇ ಹೆಚ್ಚು. ಅಧ್ಯಕ್ಷರೇ, ನನ್ನ ಎದುರಾಳಿಗಳು ಕಣ್ಣಿದ್ದೂ ಕುರುಡರು. ಇಲ್ಲಿ ಮೇಜು ಕುಟ್ಟುವುದು.'" ತಲೆಯೆತ್ತಿ ನೋಡಿದರು. ಮತ್ತೆ ಓದಿದರು. "'ನಗು ಬರಬಹುದು. ಬಂದರೆ ನಿಲ್ಲಿಸಿ ಕಾಯುವುದು.' ಇದು ಯಾರದಮ್ಮ?"

"ನಮ್ಮಣ್ಣಂದು ಸಾ. ಕಾಗ್ದ ಸಿಗ್ಲಿಲ್ಲ. ಅವನ ಪೆಟ್ಟಿಗೇಲಿ ಸುಮ್ನೆ ಬಿದ್ದಿದ್ವು. ಒಂದು ಮಗ್ಗುಲು ಖಾಲಿ ಇತ್ತು."

ನಗು ಬಂತು. ಪ್ರಿನ್ಸಿಪಾಲರಿಗೂ ಬಂತು. ನಾನು ನಿಲ್ಲಿಸಿ ಕಾದೆ. ಬೇರೆ ದಾರಿ ಇರಲಿಲ್ಲ.

ಸೀಟು ಸಿಕ್ಕಿತು. ಸಂಜೆಯ ಹೊತ್ತಿಗೆ ಪಟ್ಟಿ ಹಾಕಿದರು. ತಾಯಮ್ಮನ ಹೆಸರು ಕೊನೆಯ ಸಾಲಿನಲ್ಲಿ ಇತ್ತು. ಕೊನೆಯದಾದರೇನು, ಪಟ್ಟಿಯ ಒಳಗೇ ಇತ್ತು. ಚಿಕ್ಕಪ್ಪ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು. ಹಿಂದಿನವರು ಗೊಣಗಿದಾಗ "ತಡೀರಿ ಸ್ವಾಮಿ, ಓದ್ತಾವ್ನಿ" ಎಂದರು. ಹೆಸರು ಮೂರೇ ಅಕ್ಷರದ್ದು.

ವಾಪಸು ರೈಲಿನಲ್ಲಿ ಅವರು ನನ್ನ ಮುಖ ನೋಡಿ ನೋಡಿ ಕೊನೆಗೆ ಕೇಳಿಯೇಬಿಟ್ಟರು.

"ಅಲ್ಲ ಕಣ್ಲಾ ಮಗ, ಮೇಜು ಕುಟ್ಟೋ ಜಾಗ ಎಲ್ಲ ಬರ್ಕೊಂಡಿದ್ದೀಯೆ. ಬಾಯ್ ಮುಚ್ಕೊಳೋ ಜಾಗ ಒಂದೂ ಬರ್ಕೊಂಡಿಲ್ವಲ್ಲ, ಯಾಕ್ಲಾ?"

ತಾಯಮ್ಮ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು. ಹೊರಗೆ ಕಬ್ಬಿನ ಗದ್ದೆಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಸೋತವನಿಗೆ ಇಷ್ಟು ಹಾಯೆನಿಸಬಾರದು. ಅನಿಸಿತು.

ಹಾಗಂತ ನಾನು ಪೂರ್ತಿ ಶರಣಾದೆ ಎಂದು ತಿಳಿಯಬೇಡಿ. ನನ್ನ ಅನುಮಾನ ಇನ್ನೂ ಉಸಿರಾಡುತ್ತಿದೆ. ಈ ಸಲ ಚಿತ್ರ ನೋಡುವ ಕಣ್ಣಿದ್ದ ಮೇಷ್ಟ್ರು ಸಿಕ್ಕರು. ಬೇರೆಯವರಾಗಿದ್ದರೆ? ಹಾಳೆಗಳನ್ನು ಪಕ್ಕಕ್ಕೆ ಸರಿಸಿ ಲೆಕ್ಕದ ನಂಬರಿಗೆ ಕೆಂಪು ಗೆರೆ ಎಳೆಯುತ್ತಿರಲಿಲ್ಲವೇ? ಒಬ್ಬರು ಮೇಷ್ಟ್ರ ಕನ್ನಡಕವನ್ನು ನಂಬಿಕೊಂಡು ಎಲ್ಲರಿಗೂ ನಿಯಮ ಮಾಡಲಾದೀತೇ?

ಇನ್ನೊಂದು. ಸುದ್ದಿ ಹಬ್ಬಿದೆ. ಹೋದ ವಾರ ಮದ್ದೂರಿನಿಂದ ಒಬ್ಬರು ಹುಡುಕಿಕೊಂಡು ಬಂದರು. ಮಗ ಬರುವ ವರ್ಷ ಇಂಜಿನಿಯರಿಂಗಿಗೆ ದಾರಿಯಾಗುವ ಹಾಗೆ ಗಣಿತ ತೆಗೆದುಕೊಳ್ಳುತ್ತಾನಂತೆ.

"ಅರ್ಜಿ ಜೊತೆ ಯಾವ ಪ್ರಾಣಿ ಬರೆಸ್ಬೇಕು ಸ್ವಾಮಿ? ಕುರಿನೇ ಆಗ್ಬೇಕಾ, ಎತ್ತು ನಡೀತದಾ?"

"ಬರೆಯೋದು ಯಾರು? ನಿಮ್ಮ ಮಗನಾ?"

"ಅವನಿಗೆಲ್ಲಿ ಬತ್ತದೆ? ಪೂರಿಗಾಲಿ ಊರ್ನಲ್ಲಿ ಗೋಡೆ ಮೇಲೆ ಸೊಗಸಾಗಿ ಬಸವಣ್ಣನ್ನ ಬರೆಯೋನೊಬ್ಬ ಅವ್ನೆ. ಅವನ ಕೈಲಿ ಬರೆಸ್ಬುಡ್ತೀನಿ. ನಾಕು ಕಾಲೂ ಬರೆಸ್ತೀನಿ, ಯೋಚ್ನೆ ಮಾಡ್ಬ್ಯಾಡಿ."

ನೋಡಿದಿರಾ? ಒಂದಿಡಿ ರಾಗಿ ತೋರಿಸು ಎಂದರೆ ಪಕ್ಕದವನ ಮೂಟೆಗೆ ಕೈ ಹಾಕುವವರು ನಾವು. ನಾಳೆ ಕಾಲೇಜುಗಳು ಚಿತ್ರವನ್ನೇ ಕಡ್ಡಾಯ ಮಾಡಿದರೆ, ನಾಡಿದ್ದು ಚಿತ್ರಕ್ಕೆ ಟ್ಯೂಷನ್ ಶುರುವಾಗುತ್ತದೆ. ಆಮೇಲೆ ಎಲ್ಲರ ಕುರಿಗೂ ನಾಲ್ಕು ಕಾಲು, ಎಲ್ಲರ ಕುರಿಯೂ ಒಂದೇ ಕುರಿ. ತಾಯಮ್ಮನ ಹಾಳೆಗಳಿಗೆ ಬೆಲೆ ಬಂದದ್ದು ಅವನ್ನು ಯಾರೂ ಕೇಳಿರಲಿಲ್ಲ ಎಂಬುದರಿಂದ. ಸೀಟಿಗೋಸ್ಕರ ಬಿಡಿಸಿದ್ದಲ್ಲ. ಕುರಿ ಯಾಕೆ ಕುಂಟುತ್ತಿದೆ ಎಂದು ನೋಡಲು ಬಿಡಿಸಿದ್ದು. ಹಾಗೆ ಬಿಡಿಸಿದವರು ಕಳಿಸಲಿ. ಉಳಿದವರು ಫಾರಂ ತುಂಬಲಿ. ನನ್ನ ತೀರ್ಮಾನ ಇದು. (ಇಲ್ಲಿ ಮೇಜು ಕುಟ್ಟಿಲ್ಲ. ಗಮನಿಸಿ.)

ಮದ್ದೂರಿನವರಿಗೆ ಇದನ್ನೆಲ್ಲ ವಿವರವಾಗಿ ಹೇಳಿದೆ. ಶ್ರದ್ಧೆಯಿಂದ ಕೇಳಿದರು. ಕೊನೆಗೆ "ಅಂಗಾದ್ರೆ ಎತ್ತೇ ವಾಸಿ ಅಂತೀರಿ" ಎಂದು ಎದ್ದುಹೋದರು.

ನಿನ್ನೆ ತಾಯಮ್ಮನ ಕಾರ್ಡು ಬಂತು. ಹಾಸ್ಟೆಲಿನ ಸಾರು ನೀರು. ಲೆಕ್ಕದ ಕಾಟ ತಪ್ಪಿದೆ. ಪಕ್ಕದ ಹುಡುಗಿ ಕಪ್ಪೆ ಕಂಡರೆ ಕಿರುಚುತ್ತಾಳೆ, ಆದ್ದರಿಂದ ಎರಡು ಕಪ್ಪೆಯೂ ಇವಳ ಪಾಲಿಗೇ. ಕೆಳಗೆ, ಜಾಗ ಸಾಲದೆ ಅಂಚಿನಲ್ಲಿ ಓರೆಯಾಗಿ, ಎರಡು ಸಾಲು: 'ಅಣ್ಣ, ಇಲ್ಲಿ ಕಾಗದ ಸಿಗುತ್ತಿಲ್ಲ. ಪೆಟ್ಟಿಗೆಯಲ್ಲಿ ನಿನ್ನ ಭಾಷಣ ಇನ್ನೂ ಉಳಿದಿದ್ದರೆ ಎಲ್ಲಾ ಕಳಿಸು.'

ಎಲ್ಲಾ ಕಳಿಸಿದ್ದೇನೆ. ಪೆಟ್ಟಿಗೆ ಖಾಲಿ. ಈಗ ನೀವೇ ಹೇಳಿ, ಆ ಕಪ್ಪೆಗಳಿಗೋಸ್ಕರವಾದರೂ ನಾನು ಇನ್ನೊಂದಿಷ್ಟು ವಾದ ಮಾಡಬೇಡವೇ?